ಏಳನೇ ಕಣಿವೆಯ ತಾತನಾಗಲು ಹೋಗಿ

ನನ್ನ ಮುಖದ ಬಗ್ಗೆ ನನಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿತ್ತು. ಆದರೆ ಬೇರೆ ಯಾರೂ ಆ ವಿಷಯ ಎತ್ತಿರಲಿಲ್ಲ. ವಿಮಾ ಕಚೇರಿಯಿಂದ ನಿವೃತ್ತನಾಗಿ ಜೆ.ಪಿ. ನಗರದ ಮನೆಯಲ್ಲಿ ಪೇಪರ್ ಓದಿಕೊಂಡಿದ್ದಾಗ ಕೊನೆಗೂ ಒಬ್ಬರು ಎತ್ತಿದರು. ಅವಳು ನನ್ನ ಮಗಳು ಸಿಂಧು, ಕಾಲೇಜಿನಲ್ಲಿ ಓದುತ್ತಾಳೆ.

"ಅಪ್ಪ, ಅಲ್ಲಾಡ್ಬೇಡ! ನೀನು ಥೇಟ್ ಕಾವಲು ತಾತ ಕಣಪ್ಪ!"

ಕಾವಲು ತಾತ ಯಾರೆಂದು ಹೇಳಬೇಕು. ಸಿಂಧು ಊಟ ನಿದ್ರೆ ಬಿಟ್ಟು ನೋಡುವ 'ಏಳು ಕಣಿವೆ' ಎಂಬ ಕಾರ್ಟೂನ್ ಧಾರಾವಾಹಿಯಲ್ಲಿ ಅವನೊಬ್ಬ ಮುದುಕ. ಬೋಳುತಲೆ, ಬಿಳಿ ಮೀಸೆ, ಕೈಯಲ್ಲೊಂದು ದೊಣ್ಣೆ. ಹಾರುವ ಆಮೆಗಳಿಂದ ತನ್ನ ಕಣಿವೆಯನ್ನು ಕಾಯುವುದು ಅವನ ಉದ್ಯೋಗ. ಕಾರ್ಟೂನ್ ಎಂದರೆ ಮಕ್ಕಳಾಟ ಎಂದುಕೊಂಡಿದ್ದ ನಾನು, ನನ್ನ ಮುಖ ಅಲ್ಲಿದೆ ಎಂದ ಮೇಲೆ ನೋಡಲು ಕುಳಿತೆ. ನೋಡಿ ಬೆಪ್ಪಾದೆ.

ಬರೆದವರು ಸಮುದ್ರದಾಚೆಯವರು. ಆದರೆ ಏಳು ಕಣಿವೆಗಳನ್ನೂ ನಮ್ಮ ಏಷ್ಯಾದ ನಾಡುಗಳನ್ನು ನೋಡಿಯೇ ಕಟ್ಟಿದ್ದಾರೆ. ಒಂದು ಕಣಿವೆಯಲ್ಲಿ ಮಂಗೋಲಿಯಾದವರ ಹಾಗೆ ಗುಡಾರ, ಕುದುರೆ. ಇನ್ನೊಂದರಲ್ಲಿ ಜಪಾನಿನ ಕಾಗದದ ದೀಪಗಳು. ಮತ್ತೊಂದರಲ್ಲಿ ಟಿಬೆಟ್ಟಿನ ಬಣ್ಣದ ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತವೆ. ಏಳನೆಯದು ನಮ್ಮದು! ಬಾಗಿಲಲ್ಲಿ ರಂಗೋಲಿ, ಹೊಸ್ತಿಲಾಚೆ ಅಡ್ಡಾದಿಡ್ಡಿ ಬಿದ್ದ ಚಪ್ಪಲಿಗಳು. ಕಾವಲು ತಾತ ನೀರು ಕುಡಿಯುವಾಗ ಚೊಂಬನ್ನು ತುಟಿಗೆ ಮುಟ್ಟಿಸುವುದಿಲ್ಲ, ಎತ್ತಿ ಕುಡಿಯುತ್ತಾನೆ. ದಾರಿಹೋಕರಿಗೆ ಊಟ ಹಾಕುವ ಛತ್ರದ ಅಜ್ಜಿಯೊಬ್ಬಳಿದ್ದಾಳೆ. ಅವಳು ಬಾಳೆಯೆಲೆಯ ಎಡತುದಿಗೇ ಉಪ್ಪು ಬಡಿಸುತ್ತಾಳೆ. ಅವಳ ಮನೆಯ ಗೋಡೆಯ ಮೇಲೆ ತೀರಿಕೊಂಡ ಗಂಡನ ಚಿತ್ರ, ಅದಕ್ಕೆ ಗಂಧದ ಹಾರ!

"ವತ್ಸಲಾ, ಬಾ ಇಲ್ಲಿ! ಇದನ್ನ ಬರೆದವರು ನಮ್ಮನೇಲಿ ಯಾವಾಗಲಾದರೂ ಬಾಡಿಗೆಗೆ ಇದ್ರಾ?" ಎಂದು ಹೆಂಡತಿಯನ್ನು ಕೂಗಿದೆ.

ವತ್ಸಲಾ ಸೌಟು ಹಿಡಿದುಕೊಂಡೇ ಬಂದು ನೋಡಿದಳು. "ಪರವಾಗಿಲ್ಲ, ಅಜ್ಜಿ ಚೆನ್ನಾಗಿ ಬಡಿಸ್ತಾಳೆ" ಎಂದಳು. ಅವಳ ಬಾಯಲ್ಲಿ ಇದು ದೊಡ್ಡ ಪ್ರಶಸ್ತಿ. ನನ್ನ ಅಡುಗೆಗೆ ಇವತ್ತಿನವರೆಗೂ ಸಿಕ್ಕಿಲ್ಲ.

ಅಷ್ಟರಲ್ಲಿ ಈ ಕಾರ್ಟೂನನ್ನು ನಿಜವಾದ ನಟರನ್ನಿಟ್ಟು ಮತ್ತೆ ಚಿತ್ರೀಕರಿಸುತ್ತಾರೆ ಎಂಬ ಸುದ್ದಿ ಬಂತು. ಪಾತ್ರಗಳನ್ನೆಲ್ಲ ಅಲ್ಲಿನ ಬಿಳಿಯರೇ ಮಾಡುತ್ತಾರಂತೆ ಎಂಬ ಗುಲ್ಲೂ ಜೊತೆಗೇ ಬಂತು. ಸಿಂಧು ಕೆಂಡವಾದಳು. "ನಮ್ಮ ರಂಗೋಲಿ ಬೇಕು, ನಮ್ಮ ಮುಖ ಬೇಡ್ವಾ?" ಎಂದು ಎರಡು ದಿನ ನಮ್ಮ ಮೇಲೇ ರೇಗಾಡಿದಳು. ಅವಳಂಥ ಅಭಿಮಾನಿಗಳು ಎಲ್ಲ ದೇಶಗಳಿಂದಲೂ ಗಲಾಟೆ ಮಾಡಿದರು. ಮೆಚ್ಚಬೇಕಾದ ಸಂಗತಿಯೆಂದರೆ, ಆ ಜನ ಕೇಳಿಸಿಕೊಂಡರು. ಆಯಾ ಕಣಿವೆಗೆ ಆಯಾ ನಾಡಿನವರನ್ನೇ ಆರಿಸುತ್ತೇವೆ ಎಂದು ಸಾರಿ, ಏಳನೇ ಕಣಿವೆಯವರನ್ನು ಹುಡುಕಿಕೊಂಡು ಬೆಂಗಳೂರಿಗೇ ಬಂದರು. ಆಡಿಷನ್ ಜಯನಗರದ ಒಂದು ಮದುವೆ ಛತ್ರದಲ್ಲಿ! ಸಿಂಧು ನನಗೆ ಹೇಳದೆಯೇ ನನ್ನ ಫೋಟೋ ಕಳಿಸಿದಳು. ಒಂದೇ ವಾರದಲ್ಲಿ ಕರೆ ಬಂತು.

ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಯಾಕೆಂದರೆ ಇಲ್ಲಿಯವರೆಗೆ ನಾನು ಏನನ್ನೂ ಮಾಡಿರಲಿಲ್ಲ.

ಮಾಡಿದ ಮೊದಲ ಕೆಲಸ, ಸಾರಕ್ಕಿ ಕೆರೆಯ ದಂಡೆಯಲ್ಲಿ ವಾಕಿಂಗ್ ಗೆಳೆಯ ರಾಮಣ್ಣನ ಕಿವಿಯಲ್ಲಿ "ಯಾರಿಗೂ ಹೇಳ್ಬೇಡಿ" ಎಂದು ವಿಷಯ ಹೇಳಿದ್ದು. ರಾಮಣ್ಣ ಸಾರಕ್ಕಿಯವರೇ. ಹಿಂದೆ ಅಲ್ಲಿ ರಾಗಿ ಬೆಳೆಯುತ್ತಿದ್ದರು, ಈಗ ಅದೇ ಜಾಗದಲ್ಲಿ ಬಾಡಿಗೆ ಮನೆಗಳನ್ನು ಬೆಳೆದಿದ್ದಾರೆ. ಅವರು ಯಾರಿಗೂ ಹೇಳಲಿಲ್ಲ. ಮೈಕಿನಲ್ಲಿ ಹೇಳಿದರು! ಮರುದಿನ ಬೆಳಗ್ಗೆ ಕೆರೆಯ ಗೇಟಿನ ಬಳಿ ವಾಕಿಂಗಿನವರೆಲ್ಲ ಸೇರಿ ನನಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟರು.

"ರಾಮಣ್ಣ, ಇನ್ನೂ ಸೆಲೆಕ್ಟ್ ಆಗಿಲ್ಲ."

"ಆಗ್ತೀರ ಬಿಡಿ ಸಾರ್! ನಮ್ಮ ಕೆರೆ ಕಡೆಯೋರು ಫಾರಿನ್ ಪಿಚ್ಚರಲ್ಲಿ ಬರೋದು ಅಂದ್ರೆ ಸುಮ್ನೇನಾ?"

ಆ ಶಾಲು ಹೆಗಲ ಮೇಲೆ ಬಿದ್ದದ್ದೇ ನನಗೆ ಭಯ ಹತ್ತಿಕೊಂಡಿತು. ಪಾತ್ರ ಸಿಗದಿದ್ದರೆ ವಾಕಿಂಗಿಗೆ ಬೇರೆ ಕೆರೆ ಹುಡುಕಬೇಕು!

ಆದ್ದರಿಂದ ತಯಾರಿ ಶುರು ಮಾಡಿದೆ. ತಾತನ ದೊಣ್ಣೆವರಸೆ ಕಲಿಯಲು ಜೇಡರಬಲೆ ತೆಗೆಯುವ ಕೋಲನ್ನು ಹಿಡಿದು ನಡುಮನೆಯಲ್ಲಿ ನಿಂತೆ. ಹಾರುವ ಆಮೆಯೊಂದು ಎಡದಿಂದ ಬಂತೆಂದು ಭಾವಿಸಿ ಬೀಸಿದೆ. ಆಮೆ ತಪ್ಪಿಸಿಕೊಂಡಿತು. ಟ್ಯೂಬ್‌ಲೈಟ್ ತಪ್ಪಿಸಿಕೊಳ್ಳಲಿಲ್ಲ.

"ರೀ, ಆ ತಾತ ಕಣಿವೆ ಕಾಯ್ತಾನೆ. ನೀವು ಇರೋ ಮನೇನೂ ಉಳಿಸಲ್ಲ!" ಎಂದು ವತ್ಸಲಾ ಪೊರಕೆ ತಂದಳು.

ಇದು ಸಣ್ಣ ತಪ್ಪು. ದೊಡ್ಡದು ಆಡಿಷನ್ನಿನ ಹಿಂದಿನ ದಿನ ನಡೆಯಿತು. ನಮ್ಮ ಪೀಳಿಗೆಯ ಗಂಡಸರಿಗೆ ಒಂದು ಅಭ್ಯಾಸವಿದೆ. ಮದುವೆ, ಗೃಹಪ್ರವೇಶ, ಪಾಸ್‌ಪೋರ್ಟ್ ಫೋಟೋ, ಏನೇ ಇರಲಿ, ಹಿಂದಿನ ದಿನ ಮೀಸೆಗೆ ಬಣ್ಣ ಹಚ್ಚುತ್ತೇವೆ. ಯೋಚಿಸುವುದಿಲ್ಲ, ಕೈ ತಾನಾಗಿ ಹಚ್ಚುತ್ತದೆ. ನನ್ನ ಕೈಯೂ ಹಚ್ಚಿತು. ಹುಬ್ಬನ್ನೂ ಬಿಡಲಿಲ್ಲ. ಬೋಳುತಲೆಯ ಸುತ್ತ ಉಳಿದಿದ್ದ ನಾಲ್ಕು ಕೂದಲಿಗೂ ಬಳಿದೆ. ಕಾಲೇಜಿನಿಂದ ಬಂದ ಸಿಂಧು ನನ್ನನ್ನು ನೋಡಿ ಬಾಗಿಲಲ್ಲೇ ಕುಸಿದು ಕುಳಿತಳು.

"ಅಪ್ಪ! ಅವರು ಕರೆದಿರೋದು ಮುದುಕನ್ನ!"

ತೊಳೆದೆ, ಉಜ್ಜಿದೆ, ನಿಂಬೆಹಣ್ಣು ಹಚ್ಚಿದೆ. ಬಣ್ಣದ ಪೊಟ್ಟಣದ ಮೇಲೆ 'ದೀರ್ಘಕಾಲ ಬಾಳಿಕೆ' ಎಂದು ಬರೆದಿತ್ತು. ಜೀವನದಲ್ಲಿ ಮೊದಲ ಸಲ ಒಂದು ಜಾಹೀರಾತು ನಿಜ ಹೇಳಿತ್ತು!

ಮರುದಿನ ಛತ್ರಕ್ಕೆ ಹೋದೆವು. ಬಿ.ಪಿ. ಮಾತ್ರೆ, ನೀರಿನ ಬಾಟಲಿ, ನನ್ನ ಕನ್ನಡಕ ಎಲ್ಲವೂ ವತ್ಸಲಾಳ ಕೈಚೀಲದಲ್ಲಿ ಇರುವುದರಿಂದ ಅವಳೂ ಬಂದಿದ್ದಳು. ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಕನ್ನಡದ ಹುಡುಗಿ ನನ್ನನ್ನೂ ಫೋಟೋವನ್ನೂ ಮತ್ತೆ ಮತ್ತೆ ನೋಡಿದಳು.

"ಸಾರ್, ಫೋಟೋದಲ್ಲಿರೋದು ನಿಮ್ಮ ಫಾದರಾ?"

"ನಾನೇಮ್ಮ."

"ಓ! ಹಳೇ ಫೋಟೋನಾ?" ಎಂದು ಕೇಳಿ, ತಾನೇ ಗೊಂದಲಕ್ಕೆ ಬಿದ್ದಳು.

ಅಂತೂ ಒಳಗೆ ಬಿಟ್ಟರು. ವಿದೇಶದಿಂದ ಬಂದಿದ್ದ ನಿರ್ದೇಶಕಿ ಎದ್ದು ನಿಂತು ಕೈಮುಗಿದರು. ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚಾಯಿತು. ದೊಣ್ಣೆಯ ಮಾತೇ ಇಲ್ಲ. ನೆಲದ ಮೇಲೆ ಒಂದು ಬಾಳೆಯೆಲೆ, ಅದರ ಮೇಲೆ ಅನ್ನ, ಪಲ್ಯ, ಕೋಸಂಬರಿ. ಕಾವಲು ಮುಗಿಸಿ ಹಸಿದು ಬಂದ ತಾತ ಊಟ ಮಾಡಬೇಕು, ಅಷ್ಟೇ ದೃಶ್ಯ. ಊಟ! ಈ ವಿದ್ಯೆಯನ್ನು ನಾನು ಹುಟ್ಟಿದಂದಿನಿಂದ ತಪ್ಪದೆ ಅಭ್ಯಾಸ ಮಾಡಿದ್ದೇನೆ. ಚಕ್ಕಂಬಕ್ಕಲ ಹಾಕಿ ಕುಳಿತೆ.

"ಆ್ಯಕ್ಷನ್!"

ನಾನು ತೊಡೆಯ ಮೇಲೆ ಕೈಯಿಟ್ಟು ಕುಳಿತಿದ್ದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿರ್ದೇಶಕಿ ಮೆಚ್ಚಿ ತಲೆಯಾಡಿಸಿದರು. ಆಳವಾದ ಅಭಿನಯ ಎಂದುಕೊಂಡರೋ ಏನೋ. ನಾನು ಕುಳಿತೇ ಇದ್ದೆ. ತಲೆಯಾಡಿಸುವುದು ನಿಂತಿತು. ಯಾರೋ ಆಕಳಿಸಿದರು.

"ಸಾರ್, ತಿನ್ನಿ" ಎಂದಳು ಹುಡುಗಿ ಮೆಲ್ಲಗೆ.

"ಹೇಗೆ ತಿನ್ಲಮ್ಮ? ತುಪ್ಪ ಬಂದಿಲ್ಲ."

ನಮ್ಮ ಮನೆಗಳಲ್ಲಿ ಅನ್ನದ ಮೇಲೆ ತುಪ್ಪ ಬೀಳುವ ತನಕ ಎಲೆಗೆ ಕೈ ಹಾಕುವಂತಿಲ್ಲ. ಬಾಲ್ಯದಲ್ಲಿ ಒಮ್ಮೆ ಕೈ ಹಾಕಿ ಅಜ್ಜಿಯಿಂದ ಬೆನ್ನಿಗೆ ಬಿದ್ದದ್ದು ಇನ್ನೂ ನೆನಪಿದೆ. 'ಆ್ಯಕ್ಷನ್' ಎಂದು ಕೂಗಿದ ಮಾತ್ರಕ್ಕೆ ಆ ಕೈ ಏಳುತ್ತದೆಯೇ? ಇಡೀ ಕಣಿವೆಯನ್ನು ಕಾಯಬೇಕಾದ ತಾತ, ಒಂದು ಚಮಚ ತುಪ್ಪಕ್ಕೆ ಕಾಯುತ್ತಾ ಕುಳಿತ!

ಅದೇ ಹೊತ್ತಿಗೆ ಮಾತ್ರೆ ಕೊಡಲು ವತ್ಸಲಾ ಒಳಗೆ ಬಂದಳು. ಎಲೆಯನ್ನು ನೋಡಿದಳು. ಅಲ್ಲಿಗೆ ಅವಳಿಗೆ ಕ್ಯಾಮೆರಾ, ದೀಪ, ವಿದೇಶ ಎಲ್ಲವೂ ಮರೆತುಹೋಯಿತು.

"ಏನಮ್ಮ ಇದು? ಎಲೆ ತುದಿ ಎಡಗಡೆಗೆ ಬರ್ಬೇಕು ಅಂತ ಗೊತ್ತಿಲ್ವಾ? ನಿಮ್ಮ ಕಾರ್ಟೂನಲ್ಲಿ ಸರಿಯಾಗೇ ಇತ್ತಲ್ಲ! ಉಪ್ಪೆಲ್ಲಿ? ತುಪ್ಪ ಎಲ್ಲಿ? ರೀ, ಏಳಿ ಮೇಲೆ." ನನ್ನನ್ನು ಎಬ್ಬಿಸಿ, ಹೊಸ ಎಲೆ ಹಾಕಿ, ನೀರು ಚಿಮುಕಿಸಿ, ಒಂದೊಂದಾಗಿ ಬಡಿಸಿದಳು. ತುಪ್ಪವನ್ನು ಛತ್ರದ ಅಡುಗೆಮನೆಯಿಂದ ತರಿಸಿದಳು. ಆಮೇಲೆ ನಿರ್ದೇಶಕಿಯ ಮುಖ ನೋಡಿ ಅವಳ ದನಿಯೇ ಬದಲಾಯಿತು. "ಬೆಳಗ್ಗಿಂದ ನೀನೂ ಏನೂ ತಿಂದಿಲ್ಲ ಅಲ್ವಾ ಮಗು? ಮುಖ ಬಾಡಿಹೋಗಿದೆ. ಕೂತ್ಕೊ."

ಆ ಹೆಂಗಸಿಗೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಕುಳಿತು ಉಂಡರು. ಉಣ್ಣುತ್ತಾ ಕಣ್ಣೊರೆಸಿಕೊಂಡರು. ಕ್ಯಾಮೆರಾ ಓಡುತ್ತಲೇ ಇತ್ತು.

ಛತ್ರದ ಅಜ್ಜಿಯ ಪಾತ್ರಕ್ಕೆ ವತ್ಸಲಾ ಆಯ್ಕೆಯಾದಳು!

"ಸಾರ್, ನಿಮಗೂ ಒಂದು ಇದೆ" ಎಂದು ಹುಡುಗಿ ಸಮಾಧಾನ ಮಾಡಿದಳು. "ಆಂಟಿ ಮನೆ ಗೋಡೆ ಮೇಲೆ ಅವರ ಹಸ್ಬೆಂಡ್ ಫೋಟೋ ಇರುತ್ತಲ್ಲ, ಅದು ನಿಮ್ಮದೇ ಹಾಕ್ತಾರಂತೆ. ಅವರು ಪ್ರಾಯದಲ್ಲಿದ್ದಾಗಿನ ಫೋಟೋ ಅಲ್ವಾ, ನಿಮ್ಮ ಮೀಸೆ ಬಣ್ಣ ಕೂಡ ಕರೆಕ್ಟಾಗಿದೆ. ಒಂದು ಗಂಧದ ಹಾರ ಹಾಕಿದ್ರೆ ಮುಗೀತು."

ನಾನು ಒಪ್ಪಿಬಿಡುತ್ತಿದ್ದೆ. ಶಾಲು ಹೊದಿಸಿದವರಿಗೆ ಮುಖ ತೋರಿಸಬೇಕಲ್ಲ, ಹಾರದೊಳಗಾದರೂ ಸರಿ! ಆದರೆ ವತ್ಸಲಾ ಕೈಚೀಲ ಎತ್ತಿಕೊಂಡಳು.

"ನನ್ನ ಗಂಡ ಗುಂಡುಕಲ್ಲಿನ ಹಾಗೆ ಇಲ್ಲೇ ನಿಂತಿದಾರೆ. ಅವರ ಫೋಟೋಗೆ ಹಾರ ಹಾಕ್ತೀರಾ? ನನಗೆ ನಿಮ್ಮ ಪಾತ್ರಾನೇ ಬೇಡ. ನಡೀರಿ ಮನೆಗೆ."

ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಆ ಕ್ಷಣ ಯಾವ ಪಾತ್ರವೂ ಬೇಡವೆನಿಸಿತು, ಅವಳ ಜೊತೆ ಆಟೋ ಹತ್ತಿದರೆ ಸಾಕೆನಿಸಿತು. ಹುಡುಗಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದಳು. ನಿರ್ದೇಶಕಿ ನಗಲಿಲ್ಲ, ವಾದಿಸಲೂ ಇಲ್ಲ. ಕ್ಷಮೆ ಕೇಳಿದರು. ಫೋಟೋಗೆ ಹಾರ ಇರುವುದಿಲ್ಲ, ಅದಕ್ಕೆ ತಕ್ಕ ಹಾಗೆ ಕಥೆಯನ್ನೇ ಬದಲಾಯಿಸುತ್ತೇವೆ ಎಂದರು. ಒಬ್ಬ ಹೆಂಗಸಿನ ಮನಸ್ಸಿಗೆ ನೋವಾಗುತ್ತದೆಂದು ಅಷ್ಟು ದೊಡ್ಡ ಕಥೆಯನ್ನು ತಿರುಗಿಸಿದವರಿಗೆ ನಾನು ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಹೇಗೆ ಬದಲಾಯಿಸುತ್ತೀರಿ ಎಂದು ಮಾತ್ರ ಕೇಳಿಕೊಳ್ಳಬೇಕಾಗಿತ್ತು.

ಹೋದ ತಿಂಗಳು 'ಏಳು ಕಣಿವೆ' ಬಿಡುಗಡೆಯಾಯಿತು. ವತ್ಸಲಾ ಅಮೋಘವಾಗಿದ್ದಾಳೆ. ಎಲೆಯ ತುದಿ ಎಡಕ್ಕಿದೆ, ಉಪ್ಪು ತನ್ನ ಜಾಗದಲ್ಲಿದೆ, ತುಪ್ಪ ಬಿದ್ದ ಮೇಲೆಯೇ ಜನ ಊಟ ಮಾಡುತ್ತಾರೆ. ನಾನೂ ಗೋಡೆಯ ಮೇಲೆ ಸ್ಪಷ್ಟವಾಗಿ ಕಾಣುತ್ತೇನೆ. ಅಜ್ಜಿ ಆ ಫೋಟೋ ನೋಡಿ ನಿಟ್ಟುಸಿರು ಬಿಟ್ಟು ಹೇಳುತ್ತಾಳೆ, ತನ್ನ ಗಂಡ ಪ್ರಾಯದಲ್ಲೇ ಹೆಂಡತಿಯನ್ನು ಬಿಟ್ಟು ಮನೆಯಿಂದ ಓಡಿಹೋದನಂತೆ! ಸಿಂಧುವಿನ ಅಭಿಮಾನಿ ಬಳಗ ನನ್ನ ಮೇಲೆ ಹರಿಹಾಯುತ್ತಿದೆ.

ಪೇಟದ ಜೊತೆ ಬಂದಿದ್ದ ಆ ಶಾಲನ್ನು ಈಗ ವತ್ಸಲಾ ಹೊದ್ದು ವಾಕಿಂಗಿಗೆ ಬರುತ್ತಾಳೆ. ಮೊನ್ನೆ ನಾನೊಬ್ಬನೇ ಹೋಗಿದ್ದೆ. ಕೆರೆಯ ಗೇಟಿನಲ್ಲೇ ರಾಮಣ್ಣ ಅಡ್ಡ ನಿಂತರು. ಕಣ್ಣು ಕೆಂಪಗಾಗಿತ್ತು.

"ರಾತ್ರಿ ಪೂರ್ತಿ ನೋಡಿದ್ವಿ ಸಾರ್. ನಮ್ಮನೆಯೋಳು ಅತ್ತೂ ಅತ್ತೂ ಸಾಕಾದ್ಳು. ಅಂಥಾ ಹೆಂಗಸನ್ನ ಬಿಟ್ಟು ಹೋಗೋಕೆ ನಿಮಗೆ ಮನಸ್ಸಾದ್ರೂ ಹೆಂಗೆ ಬಂತು?"

ಅದು ಬರೀ ಕಥೆ ಎಂದು ಹೇಳಲು ಬಾಯಿ ತೆರೆದೆ. ಹಿಂದೆ ನಿಂತಿದ್ದ ವಾಕಿಂಗಿನವರೆಲ್ಲ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

"ತಪ್ಪಾಯ್ತು ರಾಮಣ್ಣ" ಎಂದೆ. ಒಂದು ಸುತ್ತನ್ನೂ ಹಾಕದೆ ಸರಸರ ಮನೆಗೆ ಹೊರಟೆ. ಸ್ವಲ್ಪ ತಡವಾದರೂ ಮತ್ತೆ ಓಡಿಹೋದ ಎಂದುಕೊಂಡಾರು!