ಐದು ಗುಂಡಿಯ ಅಂಗಿ

ಗಂಡ: ನಾಳೆ ಅಂಗಡಿ ತೆಗೆಯೋದೇ. ಇನ್ನು ಅದರ ಬಗ್ಗೆ ಮಾತು ಬೇಡ.

ಹೆಂಡತಿ: ಕೀಮೋ ಮುಗಿದ ದಿನ ಡಾಕ್ಟರು ಏನಂದ್ರು? ಬೆರಳಿನ ಜೋಮು ಇಳಿಯೋವರೆಗೂ ಚಿಕ್ಕ ಸಾಮಾನು ಮುಟ್ಟಬೇಡಿ ಅಂದ್ರು.

ಗಂಡ: ಇಳೀತಲ್ಲ. ನೋಡು, ಐದು ಗುಂಡಿ, ಹತ್ತು ಸೆಕೆಂಡು. ಎರಡು ತಿಂಗಳ ಹಿಂದೆ ಒಂದಕ್ಕೇ ಕಾಲು ಗಂಟೆ ಹಿಡೀತಿತ್ತು.

ಗಡಿಯಾರ ರಿಪೇರಿಯವನು ಕನ್ನಡಿಯ ಮುಂದೆ ಅಂಗಿ ಎಳೆದುಕೊಂಡು ನಿಂತ. ಮೀಸೆಯಿದ್ದಿದ್ದರೆ ಖಂಡಿತ ತಿರುವುತ್ತಿದ್ದ. ಅದು ಕೀಮೋದ ಎರಡನೇ ಸುತ್ತಿಗೇ ತಲೆಗೂದಲನ್ನೂ ಹುಬ್ಬನ್ನೂ ಕರೆದುಕೊಂಡು ಹೊರಟುಹೋಗಿತ್ತು. ಕಾಲರಿನ ಒಂದು ಕಡೆ ಇನ್ನೊಂದಕ್ಕಿಂತ ಮೇಲಿತ್ತು. ಹೆಂಡತಿ ನೋಡಿದಳು, ಹೇಳಲಿಲ್ಲ. ಅದಕ್ಕಿಂತ ದೊಡ್ಡ ಮಾತೊಂದನ್ನು ಅವಳು ಹೇಳಬೇಕಿತ್ತು.

ಆ ಗುಂಡಿಗಳೆಲ್ಲ ಬರೀ ತೋರಿಕೆಯವು. ಮೂವತ್ತು ವರ್ಷ ಕೂದಲೆಳೆಯಂಥ ಸ್ಪ್ರಿಂಗು ಎತ್ತಿದ ಮನುಷ್ಯ ಅಂಗಿಯ ಗುಂಡಿ ಹಿಡಿಯಲಾಗದೆ ಮಂಚದ ಮೇಲೆ ಮುಖ ತಿರುಗಿಸಿಕೊಂಡು ಕೂತದ್ದನ್ನು ಅವಳಿಂದ ನೋಡಲಾಗಿರಲಿಲ್ಲ. ಹೇಳಿಕೇಳಿ ಬಟ್ಟೆ ಹೊಲಿಯುವವಳು. ಅವನು ಮಲಗಿದ್ದ ಮಧ್ಯಾಹ್ನವೊಂದರಲ್ಲಿ ಎಂಟೂ ಅಂಗಿಗಳ ಕಾಜಾ ಹೊಲಿದು ಮುಚ್ಚಿ, ಗುಂಡಿಗಳನ್ನು ಅದರ ಮೇಲೇ ಕೂರಿಸಿ, ಒಳಗಡೆ ಪ್ರೆಸ್ ಬಟನ್ ಇಟ್ಟುಬಿಟ್ಟಿದ್ದಳು. ಒತ್ತಿದರೆ ಸಾಕು. ಜೋಮು ಹಿಡಿದ ಬೆರಳಿಗೆ ಒತ್ತಿದ್ದೋ ತೂರಿಸಿದ್ದೋ ಎಲ್ಲಿ ತಿಳಿದೀತು ಎಂದುಕೊಂಡಿದ್ದಳು.

ಈಗ ನೋಡಿದರೆ ಇವನು ಅಂಗಡಿಯ ಬೀಗದ ಕೈ ಹುಡುಕುತ್ತಿದ್ದಾನೆ. ನಿಜ ಹೇಳಿದರೆ ಗಂಡನ ಮನಸ್ಸು ಮುರಿಯುತ್ತದೆ, ಹೇಳದಿದ್ದರೆ ಯಾರದೋ ವಾಚು ಮುರಿದು ಮೂವತ್ತು ವರ್ಷದ ಹೆಸರು ಹೋಗುತ್ತದೆ. ಅವಳು ಸುತ್ತಿ ಬಳಸಿ ಹೊರಟಳು.

ಹೆಂಡತಿ: ಹುಬ್ಬು ಎಲ್ಲಿದೆ ನಿಮಗೆ?

ಗಂಡ: ಹುಬ್ಬಿಗೂ ಅಂಗಡಿಗೂ ಏನೇ ಸಂಬಂಧ?

ಹೆಂಡತಿ: ಭೂತಗನ್ನಡಿ ಕಣ್ಣಿಗೆ ಸಿಗಿಸ್ಕೋತೀರಲ್ಲ, ಹುಬ್ಬಿಲ್ಲದೆ ನಿಲ್ಲುತ್ತಾ? ಗಿರಾಕಿಯ ವಾಚಿನೊಳಗೇ ಬೀಳುತ್ತೆ.

ಗಂಡ: ದಾರ ಕಟ್ಕೋತೀನಿ.

ಹೆಂಡತಿ: ಏನು ತಿಂದರೂ ಕಬ್ಬಿಣದ ರುಚಿ ಅಂತ ನಿನ್ನೆ ತಟ್ಟೆ ತಳ್ಳಿದ್ರಿ. ಅಂಗಡೀಲಿ ತಲೆ ಸುತ್ತಿದರೆ?

ಗಂಡ: ಅಂಗಡಿ ತುಂಬ ಕಬ್ಬಿಣವೇ ಇರೋದು. ಅಲ್ಲಿ ಕೂತು ತಿಂದರೆ ಹೊಂದಿಕೊಳ್ಳುತ್ತೆ.

ಕೊನೆಗೆ ಅವಳು ಮೇಜಿನ ಮೇಲೆ ಒಂದು ಗುಂಡುಪಿನ್ನು ಇಟ್ಟು, ಎತ್ತಿ ನೋಡೋಣ ಎಂದಳು. ಪಿನ್ನು ಮೇಜಿನ ಈ ತುದಿಯಿಂದ ಆ ತುದಿಗೆ ಓಡಾಡಿತೇ ಹೊರತು ಬೆರಳಿಗೆ ಬರಲಿಲ್ಲ. ಮೇಜು ಬಹಳ ನುಣುಪು ಎಂದ. ಬೆಳಕು ಸಾಲದು ಎಂದ. ಈಗಿನ ಪಿನ್ನುಗಳೇ ಸರಿಯಿಲ್ಲ ಎಂದ. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಹೆಂಡತಿ: ರೀ, ಬೈಬೇಡಿ. ಆ ಗುಂಡಿಗಳು ಸುಳ್ಳು. ಒಳಗೆ ಪ್ರೆಸ್ ಬಟನ್ ಹೊಲಿದಿದ್ದೀನಿ. ನಿಮ್ಮ ಬೆರಳು ಇನ್ನೂ ಸರಿಹೋಗಿಲ್ಲ.

ಅವನು ಕುರ್ಚಿ ಎಳೆದುಕೊಂಡು ಕೂತ.

ಗಂಡ: ಇದನ್ನ ಹೇಳೋಕೆ ಎರಡು ತಿಂಗಳು ಬೇಕಾಯ್ತಾ ನಿನಗೆ?

ಹೆಂಡತಿ: ಗೊತ್ತಿತ್ತಾ?

ಗಂಡ: ಮೊದಲನೇ ದಿನವೇ. ಟಕ್ ಅಂತು. ಸದ್ದು ಕೇಳಿಯೇ ಗಡಿಯಾರದ ರೋಗ ಹೇಳೋನು ನಾನು. ಜೋಮು ಬೆರಳಿಗೆ ಹಿಡಿದಿದೆ, ಕಿವಿಗಲ್ಲ.

ಹೆಂಡತಿ: ಮತ್ತೆ ದಿನಾ ಕನ್ನಡಿ ಮುಂದೆ ಆ ಜಂಭ?

ಗಂಡ: ನೀನು ಬಾಗಿಲ ಸಂದೀಲಿ ನಿಂತು ನೋಡಿ ನಗ್ತಿದ್ದೆಯಲ್ಲ. ಆಸ್ಪತ್ರೆ ಶುರುವಾದ ಮೇಲೆ ನೀನು ನಕ್ಕಿದ್ದೇ ಅದೊಂದಕ್ಕೆ.

ಅವಳಿಗೆ ಈ ಮನುಷ್ಯನ ಮೇಲೆ ಇಷ್ಟೊಂದು ಪ್ರೀತಿ ಉಕ್ಕಿ ಬಂದು ಎಷ್ಟು ಕಾಲವಾಯಿತೋ. ಆದರೂ ಅದನ್ನು ತೋರಿಸಿಕೊಳ್ಳದೆ, ಎಲ್ಲ ಗೊತ್ತಿದ್ದೂ ಅಂಗಡಿ ತೆಗೆಯುವ ಹಟ ಯಾಕೆಂದು ಗದರಿದಳು.

ಗಂಡ: ರೋಗ ಹೇಳೋಕೆ ಕಿವಿ ಸಾಕು. ಬಿಚ್ಚಿ ಜೋಡಿಸೋಕೆ ಕೈ ಬೇಕು. ನಲವತ್ತು ಬಟನ್ನು, ಒಂದರ ದಾರವೂ ಹೊರಗೆ ಕಾಣದ ಹಾಗೆ ಹೊಲಿದ ಕೈ ಮನೇಲೇ ಇದೆ. ನನ್ನ ಬೆರಳು ವಾಪಸ್ಸು ಬರೋವರೆಗೂ ನೀನು ಬಾ. ಸುಮ್ಮನೆ ಕರೆದಿದ್ರೆ ನನಗೆ ಬರಲ್ಲ ಅಂತಿದ್ದೆ. ಈಗ ತಪ್ಪು ಒಪ್ಕೊಂಡಿದ್ದೀಯ, ಇಲ್ಲ ಅನ್ನೋ ಹಾಗಿಲ್ಲ.

ಅವಳು ಕಣ್ಣೊರೆಸಿಕೊಂಡು ಎದ್ದು ಬಂದು, ಅವನ ಅಂಗಿಯ ಮುಂಭಾಗವನ್ನು ಹಿಡಿದು ಒಂದೇ ಎಳೆತಕ್ಕೆ ಮೇಲಿಂದ ಕೆಳಗೆ ಬಿಚ್ಚಿದಳು.

ಗಂಡ: ಏ, ಏನಾಯ್ತೇ?

ಹೆಂಡತಿ: ಒಂದು ಗುಂಡಿ ಬಿಟ್ಟು ಹಾಕಿದ್ದೀರಿ. ಆಗ ಟಕ್ ಅಂದದ್ದು ನಾಲ್ಕೇ ಸಲ, ಐದು ಅಂತ ಜಂಭ ಕೊಚ್ಕೊಂಡ್ರಿ. ನಾಳೆಯಿಂದ ಕಿವಿ ಕೆಲಸಾನೂ ನಾನೇ ನೋಡ್ಕೋತೀನಿ. ನೀವು ಬಾಗಿಲು ತೆಗೆದು ಕೂತ್ಕೊಳ್ಳಿ, ಸಾಕು.