ಕಾಲಿಗೆ ರಜೆ

ಆ ಶನಿವಾರ ಬೆಳಿಗ್ಗೆ ಹತ್ತು ಗಂಟೆಯಾದರೂ ಲಿಫ್ಟಣ್ಣ ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಸೋಮಾರಿತನವಲ್ಲ, ಮೇಷ್ಟ್ರ ಅಪ್ಪಣೆ. ಎರಡು ದಿಂಬುಗಳ ಮೇಲೆ ಕಾಲುಗಳನ್ನು ಏರಿಸಿಟ್ಟು, ಅವು ಪಕ್ಕದ ಮನೆಯಿಂದ ಎರವಲು ತಂದ ಗಾಜಿನ ಸಾಮಾನೋ ಎಂಬಂತೆ ಆಗಾಗ ನೋಡಿಕೊಳ್ಳುತ್ತ ಮಲಗಿದ್ದ.

ಇಪ್ಪತ್ತು ವರ್ಷದಿಂದ ಊರಿನವರನ್ನೆಲ್ಲ ಮೆಟ್ಟಿಲು ಹತ್ತುವ ಕಷ್ಟದಿಂದ ಪಾರು ಮಾಡಿದವನು ಅವನು. ಲಿಫ್ಟು ರಿಪೇರಿ ಅವನ ಕಸುಬು. ಮೂರನೇ ಮಹಡಿಯಲ್ಲಿ ಮನೆ. ಒಂಬತ್ತು ಮಹಡಿಯ ಆ ಕಟ್ಟಡಕ್ಕೆಲ್ಲ ಅವನು ಲಿಫ್ಟಣ್ಣ.

ಮರುದಿನ ಇಪ್ಪತ್ತೊಂದು ಕಿಲೋಮೀಟರ್ ಓಟ. ಹೋದ ವರ್ಷವೂ ಇದೇ ಓಟಕ್ಕೆ ಹೆಸರು ಕೊಟ್ಟಿದ್ದ. ಹಿಂದಿನ ದಿನ ಸುಮ್ಮನಿರಲಾರದೆ ‘ಒಂದೇ ಒಂದು ಸುತ್ತು’ ಅಂತ ಹೊರಟವನು ಹನ್ನೆರಡು ಕಿಲೋಮೀಟರ್ ಓಡಿ ಬಂದಿದ್ದ. ಓಟದ ದಿನ ಅರ್ಧ ದಾರಿಯಲ್ಲಿ ಮೀನಖಂಡ ಹಿಡಿದುಕೊಂಡಿತು. ರಸ್ತೆಯ ಬದಿಯಲ್ಲಿ ಕೂತವನನ್ನು ವ್ಯಾನಿಗೆ ಹತ್ತಿಸಿ ಮೈದಾನದ ಹಿಂದಿನ ಗೇಟಿನಲ್ಲಿ ಇಳಿಸಿದರು. ಮುಂದಿನ ಗೇಟಿನಲ್ಲಿ, ಓಟ ಮುಗಿಯುವ ಗೆರೆಯ ಪಕ್ಕ, ಮಗಳು ಕಾಯುತ್ತಿದ್ದಳು. ಅಲ್ಲಿದ್ದ ರಬ್ಬರು ಕಮಾನಿನ ಗಾಳಿ ಬಿಟ್ಟು, ಮಡಚಿ, ಲಾರಿಗೆ ತುಂಬುವವರೆಗೂ ಕಾದಳು. ಆಮೇಲೆ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿ ನಾಲ್ಕು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಒಂದು ವರ್ಷದಿಂದ ಅನ್ನಿಸುತ್ತಲೇ ಇತ್ತು.

ಅದಕ್ಕೇ ಈ ಸಲ ನೆಲಮಹಡಿಯ ನಿವೃತ್ತ ಪಿ.ಟಿ. ಮೇಷ್ಟ್ರ ಕಾಲು ಹಿಡಿದಿದ್ದ.

“ಓಡೋದು ಯಾರಿಗೆ ಬರಲ್ಲ? ನಾಯಿ ಅಟ್ಟಿಸ್ಕೊಂಡು ಬಂದ್ರೆ ಎಲ್ಲರೂ ಓಡ್ತಾರೆ,” ಎಂದಿದ್ದರು ಮೇಷ್ಟ್ರು. “ನೀನು ಸುಮ್ನೆ ಬಿದ್ಕೊಳ್ಳೋದು ಕಲೀಬೇಕು ಕಣಯ್ಯ. ಹೋದ ವರ್ಷ ನೀನು ಕೆಟ್ಟಿದ್ದು ಓಡದೆ ಅಲ್ಲ, ಮಲಗದೆ. ಶನಿವಾರ ನೀನು ಎದ್ದು ನಿಂತ್ರೂ ನನಗೆ ಗೊತ್ತಾಗುತ್ತೆ, ನೆನಪಿರಲಿ.”

ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಕಾವಲಿಗೆ ಮಗಳಿದ್ದಳು. “ನೀನು ಏನೂ ಮಾಡ್ಬೇಡಪ್ಪ. ನೀರು ಬೇಕಾದ್ರೂ ಕೇಳು, ನಾನೇ ತರ್ತೀನಿ. ನಾಳೆ ಗೆರೆ ಹತ್ರಾನೇ ನಿಂತಿರ್ತೀನಿ.”

“ಈ ಸಲ ಬಂದೇ ಬರ್ತೀನಿ ಕಂದ,” ಎಂದ ಲಿಫ್ಟಣ್ಣ. ಅಷ್ಟರಲ್ಲಿ ಬಾಗಿಲ ಗಂಟೆ ಬಡಿದುಕೊಂಡಿತು.

ಬಂದವರು ಕಟ್ಟಡದ ಸಂಘದ ಸೆಕ್ರೆಟರಿ. “ಲಿಫ್ಟು ಆರು–ಏಳರ ಮಧ್ಯೆ ನಿಂತುಬಿಟ್ಟಿದೆ ಲಿಫ್ಟಣ್ಣ. ಒಳಗೆ ಎಂಟನೇ ಮಹಡಿ ಅಜ್ಜಿ ಇದಾರೆ!”

“ಕಂಪನಿಗೆ ಫೋನ್ ಮಾಡಿ ಸಾರ್. ನಾನು ಇವತ್ತು ರಜಾ.”

“ಮಾಡಿದೆ. ಸಾಯಂಕಾಲ ಬರ್ತಾರಂತೆ. ಎಪ್ಪತ್ತು ದಾಟಿದ ಜೀವ ಕಣ್ರೀ. ನಿಮಗೆ ಐದು ನಿಮಿಷದ ಕೆಲಸ ಅಲ್ವಾ?”

ಕಸುಬುದಾರನ ಎದುರು ಆಡಬಾರದ ಮಾತೆಂದರೆ ಇದೊಂದೇ. ಲಿಫ್ಟಣ್ಣ ಮಗಳ ಕಡೆ ನೋಡಿದ. ಮಗಳು ದಿಂಬಿನ ಕಡೆ ನೋಡಿದಳು.

“ಐದೇ ನಿಮಿಷ,” ಎಂದು ಎದ್ದ.

ಮೋಟಾರಿನ ಕೋಣೆ ಇದ್ದದ್ದು ಒಂಬತ್ತನೇ ಮಹಡಿಯ ಮೇಲೆ. ಹತ್ತಿದ. ಲಿಫ್ಟೆಂಬುದು ಮಹಾ ಅನುಮಾನದ ಪ್ರಾಣಿ. ಎಲ್ಲ ಮಹಡಿಗಳ ಬಾಗಿಲುಗಳನ್ನೂ ಇನ್ನೂ ಆರೇಳು ಸ್ವಿಚ್ಚುಗಳನ್ನೂ ಅದರಲ್ಲಿ ಒಂದೇ ತಂತಿಯಲ್ಲಿ ಪೋಣಿಸಿರುತ್ತಾರೆ. ಎಲ್ಲಾದರೂ ಒಂದು ಕಡೆ ಕೊಂಡಿ ತಪ್ಪಿದರೆ ಸಾಕು, ಮುನಿಸಿಕೊಂಡ ಅಳಿಯನಂತೆ ನಿಂತಲ್ಲೇ ನಿಂತುಬಿಡುತ್ತದೆ. ಈಗಲೂ ಎಲ್ಲೋ ತಪ್ಪಿತ್ತು. ಎಲ್ಲೆಂದು ಆಮೇಲೆ ಹುಡುಕಿದರಾಯಿತು, ಮೊದಲು ಕೈಯಿಂದ ಚಕ್ರ ತಿರುಗಿಸಿ ಅಜ್ಜಿಯನ್ನು ಇಳಿಸೋಣ ಎಂದುಕೊಂಡ. ಅದಕ್ಕೆ ಬ್ರೇಕು ಬಿಡಿಸುವ ಕಬ್ಬಿಣದ ಕೋಲು ಬೇಕು. ಗೋಡೆಯಲ್ಲಿ ಅದರ ಮೊಳೆ ಇತ್ತು, ಕೋಲಿರಲಿಲ್ಲ.

ಇಳಿದು ವಾಚ್‌ಮನ್ನನ್ನು ಕೇಳಿದ. “ಅದಾ? ಸೆಕ್ರೆಟರಿ ಸಾಹೇಬ್ರು ಕಿಟಕಿ ಬೀಳದಂಗೆ ಒತ್ತು ಕೊಡೋಕೆ ಅಂತ ತರಿಸ್ಕೊಂಡಿದ್ರಲ್ಲ ಅಣ್ಣ.”

ಸೆಕ್ರೆಟರಿಯ ಮನೆ ಐದರಲ್ಲಿ. “ಕಿಟಕಿ ರಿಪೇರಿ ಮಾಡಿಸ್ಬಿಟ್ನಲ್ಲ! ಕೋಲನ್ನ ಎರಡನೇ ಮಹಡಿಯೋರು ಹಲ್ಲಿ ಓಡ್ಸೋಕೆ ಇಸ್ಕೊಂಡ್ರು.”

ಎರಡನೇ ಮಹಡಿಯವರು ಹಲ್ಲಿಯನ್ನು ಓಡಿಸಿಯಾಗಿತ್ತು. ಕೋಲು ಈಗ ಎಲ್ಲಿದೆಯೆಂದು ವಿಚಾರಿಸಿ ಹೇಳುತ್ತೇವೆ ಎಂದರು.

ಅಷ್ಟರಲ್ಲಿ ಆರನೇ ಮಹಡಿಯ ಬಾಗಿಲ ಸಂದಿಯಿಂದ ಅಜ್ಜಿಯ ದನಿ ಕೇಳಿಸಿತು. “ಯಾರದು, ಲಿಫ್ಟಣ್ಣನಾ? ನಾನು ಚೆನ್ನಾಗಿದೀನಪ್ಪ, ಅವಸರ ಏನಿಲ್ಲ. ಫೋನು ಮನೇಲೇ ಬಿಟ್ಟು ಬಂದೆ. ಒಲೆ ಮೇಲೆ ಹಾಲಿಟ್ಟಿದೀನಿ ಅಂತ ನನ್ನ ಸೊಸೆಗೆ ಹೇಳ್ಬಿಡು.”

ಎಂಟಕ್ಕೆ ಹತ್ತಿದ. ಸೊಸೆಯ ಎರಡು ಕಂಕುಳಲ್ಲೂ ಒಂದೊಂದು ಮಗು, ಅವಳಿ, ಇಬ್ಬರೂ ಅಳುತ್ತಿದ್ದರು. “ಹಾಲು ಉಕ್ಕಿ ಒಲೆ ಆರಿ ಅರ್ಧ ಗಂಟೆ ಆಯ್ತು ಅಂತ ಹೇಳಿ. ಮಿಕ್ಸಿ ಮುಚ್ಚಳ ಎಲ್ಲಿಟ್ಟಿದಾರೆ ಅಂತಾನೂ ಕೇಳಿ.”

ಆರಕ್ಕೆ ಇಳಿದ. “ಇಡೋ ಜಾಗದಲ್ಲೇ ಇದೆ ಅನ್ನು,” ಎಂದರು ಅಜ್ಜಿ.

“ಇಡೋ ಜಾಗ ಎಲ್ಲಿ ಅಜ್ಜಿ?”

“ಅವಳಿಗೆ ಗೊತ್ತು.”

ಎಂಟಕ್ಕೆ ಹತ್ತಿದ. “ಗೊತ್ತಿದ್ದಿದ್ರೆ ಯಾಕ್ರೀ ಕೇಳ್ತಿದ್ದೆ?” ಎಂದಳು ಸೊಸೆ. “ಹೀಗೇ ನೋಡಿ, ಎಂಟು ವರ್ಷದಿಂದ!” ಎಂಟು ವರ್ಷದ ಕತೆಯನ್ನು ಅವನು ನಿಂತೇ ಕೇಳಿದ. ಮೇಷ್ಟ್ರು ನಿಲ್ಲಬೇಡ ಅಂದಿದ್ದರು.

ಕೋಲು ಸಿಗುವವರೆಗೆ ಬಾಗಿಲುಗಳನ್ನಾದರೂ ನೋಡೋಣ ಎಂದು ಮೇಲಿನಿಂದ ಒಂದೊಂದೇ ಮಹಡಿ ಇಳಿಯುತ್ತ ಕೊಂಡಿಗಳನ್ನು ಉಜ್ಜಿ ಒರೆಸಿದ. ನೆಲಮಹಡಿಯಲ್ಲಿ ಲಿಫ್ಟಿನ ತಳದ ಹಳ್ಳಕ್ಕೆ ಇಳಿದು ಅಲ್ಲಿನ ಸ್ವಿಚ್ಚನ್ನೂ ನೋಡಿದ. ಎಲ್ಲವೂ ಹೊಸ ಹಲ್ಲಿನ ಸೆಟ್ಟಿನಂತೆ ಸರಿಯಾಗಿದ್ದವು. ಹಳ್ಳದಿಂದ ತಲೆ ಎತ್ತಿದರೆ ಎದುರಿಗೆ ಮೇಷ್ಟ್ರು.

“ಇದೇನಾ ನಿನ್ನ ವಿಶ್ರಾಂತಿ?”

“ಅಜ್ಜಿ ಸಿಕ್ಕಿಹಾಕ್ಕೊಂಡಿದಾರೆ ಸಾರ್.”

“ಅಜ್ಜಿ ಕೂತಿದಾರೆ. ನೀನು ಓಡಾಡ್ತಿದೀಯ. ನಾಳೆ ಅವರನ್ನೇ ಓಡ್ಸು, ಗೆಲ್ತಾರೆ,” ಎಂದರು ಮೇಷ್ಟ್ರು. ಆದರೂ ಅವನು ಮತ್ತೆ ಮೆಟ್ಟಿಲ ಕಡೆ ತಿರುಗಿದಾಗ ಹಳೆಯ ಚಾಳಿ ಬಿಡಲಿಲ್ಲ. “ಬೆನ್ನು ನೆಟ್ಟಗಿರ್ಲಿ! ಹಿಮ್ಮಡಿ ಊರ್ಬೇಡ!”

ಒಂದು ಗಂಟೆಯ ಹೊತ್ತಿಗೆ ಅಜ್ಜಿಯ ದನಿ ನಿಂತುಹೋಯಿತು. “ಅಜ್ಜೀ!” ಎಂದು ಕೆಳಗಿನಿಂದ ಕೂಗಿದ. ಉತ್ತರವಿಲ್ಲ. ಆರು ಮಹಡಿಯನ್ನು ಅವನು ಆಗ ನಿಜವಾಗಿಯೂ ಓಡಿ ಹತ್ತಿದ. ಮೂರು ತಿಂಗಳ ಅಭ್ಯಾಸದಲ್ಲಿ ಒಂದು ದಿನವೂ ಹಾಗೆ ಓಡಿರಲಿಲ್ಲ. ಬಾಗಿಲ ಸಂದಿಗೆ ಕಿವಿಯಿಟ್ಟ. ಒಳಗಿನಿಂದ ಗೊರಕೆ, ಏಕತಾಳದಲ್ಲಿ, ತೃಪ್ತಿಯಿಂದ ಬರುತ್ತಿತ್ತು. ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮೂರನೇ ಮಹಡಿಯ ಕಟಾಂಜನದಿಂದ ಮಗಳು ಮೇಲೆ ನೋಡುತ್ತಿದ್ದಳು. ಕೈಬೀಸಿದ. ಅವಳು ಬೀಸಲಿಲ್ಲ.

ಎರಡನೇ ಮಹಡಿಯಿಂದ ಏಳಕ್ಕೆ, ಏಳರಿಂದ ನಾಲ್ಕಕ್ಕೆ ಸಂಸಾರ ಹೂಡಿದ್ದ ಕಬ್ಬಿಣದ ಕೋಲು ಕೊನೆಗೆ ಸಿಕ್ಕಿದ್ದು ಒಂಬತ್ತನೇ ಮಹಡಿಯವರ ಬಾಲ್ಕನಿಯಲ್ಲಿ. ಅದಕ್ಕೆ ಯಾರದೋ ಲಂಗ ಒಣಹಾಕಿದ್ದರು. ಬೆಳಿಗ್ಗೆ ಅವನು ಮೊದಲು ಹತ್ತಿಹೋಗಿದ್ದ ಮೋಟಾರಿನ ಕೋಣೆಯಿಂದ ಅದು ಹದಿನೆಂಟು ಮೆಟ್ಟಿಲು ಕೆಳಗಿತ್ತು.

ಮೂರೂವರೆಗೆ ಚಕ್ರ ತಿರುಗಿಸಿ ಲಿಫ್ಟನ್ನು ಆರನೇ ಮಹಡಿಗೆ ಇಳಿಸಿದ. ಕಾಲುಗಳು ಬೇರೆ ಯಾರದೋ ಮಾತು ಕೇಳುತ್ತಿದ್ದವು. ಕಟಾಂಜನ ಹಿಡಿದು, ಪಕ್ಕಕ್ಕೆ ತಿರುಗಿ, ಏಡಿಯ ಹಾಗೆ ಇಳಿದುಬಂದು ಬಾಗಿಲು ತೆರೆದ. ಅಜ್ಜಿ ಸೆರಗು ಸರಿಮಾಡಿಕೊಳ್ಳುತ್ತ ಹೊರಬಂದರು. ಮುಖ ಆಗತಾನೆ ತೊಳೆದಿಟ್ಟ ಬಟ್ಟಲಿನಂತೆ ಹೊಳೆಯುತ್ತಿತ್ತು. ಅವರ ಹಿಂದೆ, ಒಳಗಿನ ಗೋಡೆಯಲ್ಲಿ, ತುರ್ತಿನಲ್ಲಿ ಲಿಫ್ಟು ನಿಲ್ಲಿಸಲೆಂದು ಇಟ್ಟ ಕೆಂಪು ಬಟನ್ ಒತ್ತಿದಂತೆಯೇ ಇತ್ತು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಹೇಳಿಕೊಡುವ ಪಾಠವದು: ಮೇಲೆ ಹತ್ತುವ ಮುಂಚೆ, ಒಳಗಿರುವವರನ್ನು ಕೆಂಪು ಬಟನ್ ಒತ್ತಿದ್ದೀರಾ ಎಂದು ಕೇಳು. ಇಪ್ಪತ್ತು ವರ್ಷದ ಅನುಭವಸ್ಥ ಅಂಥ ಎಳಸು ಪ್ರಶ್ನೆ ಕೇಳುವುದುಂಟೆ?

“ಅಜ್ಜಿ, ಇದನ್ನ ನೀವು ಒತ್ತಿದ್ರಾ?”

“ಮತ್ತೆ ಅದು ತಾನಾಗೇ ಒತ್ಕೊಳ್ಳುತ್ತಾ? ಮೆಲ್ಲಗೆ ಮಾತಾಡು,” ಅಜ್ಜಿ ಮೆಟ್ಟಿಲ ಕಡೆ ಕಣ್ಣು ಹಾಯಿಸಿದರು. “ಅವಳಿ ಮಕ್ಕಳು, ಮೂರು ಹೊತ್ತಿನ ಅಡುಗೆ. ಮನೇಲಿ ಸ್ವಲ್ಪ ಕಣ್ಣು ಮುಚ್ಚಿದ್ರೆ ಹುಷಾರಿಲ್ವಾ ಅಂತ ಎಬ್ಬಿಸ್ತಾರೆ. ಪಾರ್ಕಲ್ಲಿ ಕೂತ್ರೆ ಎಲ್ಲಿದೀಯ ಅಂತ ಹುಡುಕ್ತಾರೆ. ಯಾರೂ ಬಂದು ಅಲ್ಲಾಡಿಸೋಕಾಗದ ಜಾಗ ಅಂತ ಈ ಕಟ್ಟಡದಲ್ಲಿ ಇದೊಂದೇ ನೋಡಪ್ಪ. ಒಂದೇ ಒಂದು ಗಂಟೆ ಅಂತ ಅಂದ್ಕೊಂಡಿದ್ದೆ.”

“ಐದೂವರೆ ಗಂಟೆ ಆಯ್ತಲ್ಲ ಅಜ್ಜಿ!”

“ಬಿಡೋಣ ಅಂತ ಕೈ ಹಾಕಿದ್ದೆ. ಅಷ್ಟರಲ್ಲಿ ನೀನು ಹತ್ತೋದು, ಇಳಿಯೋದು ಕೇಳಿಸ್ತು. ಮೇಷ್ಟ್ರು ಬೇರೆ ಬೆನ್ನು ನೆಟ್ಟಗೆ ಅಂತ ಕೂಗ್ತಿದ್ರು. ನಾಳೆ ಓಟ ಅಲ್ವಾ ನಿಂದು? ಪಾಪ, ಅಭ್ಯಾಸ ಯಾಕೆ ಕೆಡಿಸ್ಲಿ ಅಂತ ಸುಮ್ನಾದೆ.” ಅವನ ಭುಜ ತಟ್ಟಿ ಅಜ್ಜಿ ಹುಡುಗಿಯಂತೆ ಮೆಟ್ಟಿಲು ಹತ್ತಿಹೋದರು. ಅವನು ಕೆಂಪು ಬಟನ್ ಬಿಡಿಸಿ ಲಿಫ್ಟನ್ನು ಮತ್ತೆ ಚಾಲೂ ಮಾಡಿದ.

ಮನೆಯಲ್ಲಿ ಮಗಳು ಟಬ್ಬಿನಲ್ಲಿ ಬಿಸಿನೀರು ಇಟ್ಟಿದ್ದಳು. ಕಾಲು ಇಳಿಬಿಟ್ಟ. ಎರಡೂ ಮೀನಖಂಡಗಳು ತಾವಾಗಿಯೇ ಗಡಗಡ ಅನ್ನುತ್ತಿದ್ದವು. ಅವಳ ಮುಖ ನೋಡದೆ ಹೇಳಿದ, “ನಾಳೆ ಆಗಲ್ವೇನೋ ಕಣಮ್ಮ.”

“ಗೊತ್ತು. ನೀನು ಏಳನೇ ಸಲ ಮೇಲೆ ಹೋಗುವಾಗ್ಲೇ ಅತ್ತೆಗೆ ಫೋನ್ ಮಾಡಿ, ನಾಳೆ ನಿಮ್ಮನೆಗೆ ಬರ್ತೀನಿ ಅಂದೆ.” ದನಿಯಲ್ಲಿ ಕೋಪವಿರಲಿಲ್ಲ. ಬಸ್ಸು ತಪ್ಪಿತು ಎನ್ನುವವರ ದನಿ ಅದು. ಟಬ್ಬಿಗೆ ಇನ್ನೊಂದು ಚೊಂಬು ಬಿಸಿನೀರು ಸುರಿಯುತ್ತ ಕೇಳಿದಳು, “ಆಗಲ್ಲ ಅಂತ ಅವರಿಗೆ ಹೇಳೋಕೆ ಯಾಕಪ್ಪ ಆಗ್ಲಿಲ್ಲ? ನನಗೆ ಎಷ್ಟು ಸುಲಭವಾಗಿ ಹೇಳ್ದೆ.”

ಅವಳ ಮಾತು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ವಾಚ್‌ಮನ್ ಏದುಸಿರು ಬಿಡುತ್ತ ನಿಂತ.

“ಅಣ್ಣಾ, ಲಿಫ್ಟು ಮತ್ತೆ ನಿಂತಿದೆ. ಏಳು–ಎಂಟರ ಮಧ್ಯೆ. ಈ ಸಲ ಒಳಗಿರೋದು ಅಜ್ಜಿ ಸೊಸೆ. ಕೆಂಪು ಬಟನ್ ಮುಟ್ಟೇ ಇಲ್ಲ ಅಂತ, ನಾವು ಕೇಳೋಕೆ ಮುಂಚೇನೇ ಹೇಳಿದ್ರು.”

ಲಿಫ್ಟಣ್ಣ ಮಗಳ ಕಡೆ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆದರೆ ಅಷ್ಟರಲ್ಲಿ ಕಾಲುಗಳು ಟಬ್ಬಿನಿಂದ ಹೊರಗೆ ಬಂದಾಗಿತ್ತು.

ಮಗಳು ಅವನ ಚಪ್ಪಲಿಗಳನ್ನು ಕಾಲಿನಿಂದ ಅವನ ಕಡೆಗೆ ತಳ್ಳಿದಳು.