ಸದ್ದಡಗಿದ ಜೀಪು

ನನ್ನ ಹೆಂಡತಿ ಧನಲಕ್ಷ್ಮಿ ದೊಡ್ಡ ಮಾತುಗಾತಿ ಎಂಬುದು ಇಡೀ ಬ್ಯಾಟರಾಯನಪುರದಲ್ಲಿ ನನಗೊಬ್ಬನಿಗೇ ಗೊತ್ತಿದ್ದ ಸಂಗತಿ. ಮನೆಯಲ್ಲಿ ಅವಳ ಮಾತು ‘ಊಟಕ್ಕೆ ಬನ್ನಿ’, ‘ಗ್ಯಾಸ್ ಬುಕ್ ಮಾಡಿ’ ಎಂಬಲ್ಲಿಗೆ ಮುಗಿಯುತ್ತದೆ. ಭಾನುವಾರ ಸೋಲದೇವನಹಳ್ಳಿಯ ತವರಿಗೆಂದು ಜೀಪು ಹತ್ತಿದಳೋ, ಕೊಡಿಗೇಹಳ್ಳಿ ದಾಟುವ ಮೊದಲೇ ಬಾಯಿ ತೆರೆಯುತ್ತಿತ್ತು. ಅವರಮ್ಮನ ಬಾಗಿಲಲ್ಲೇ ಅದು ಮುಚ್ಚುತ್ತಿದ್ದದ್ದು. ಆದರೆ ಅದರಲ್ಲಿ ಒಂದಕ್ಷರವೂ ನನಗೆ ಕೇಳಿಸುತ್ತಿರಲಿಲ್ಲ. ಜೀಪಿನ ಹಿಂದಿನ ಆಕ್ಸಲ್ ಅಷ್ಟು ಕೂಗುತ್ತಿತ್ತು.

ಎರಡನೇ ಗೇರಿನಲ್ಲಿ ನರಳಾಟ, ಮೂರರಲ್ಲಿ ಆಲಾಪನೆ, ನಾಲ್ಕಕ್ಕೆ ಬಂದರೆ ಸಾಮೂಹಿಕ ರೋದನ. ನಾನು ಅವಳ ತುಟಿ ನೋಡಿಕೊಂಡು ಹ್ಞೂಂಗುಟ್ಟುತ್ತಿದ್ದೆ. (ಯಾವ ಯಾವುದಕ್ಕೆಲ್ಲ ಒಪ್ಪಿಗೆ ಕೊಟ್ಟಿದ್ದೇನೋ ದೇವರಿಗೇ ಗೊತ್ತು.)

ನಮಗೆ ಮಕ್ಕಳಿಲ್ಲ. ಯಲಹಂಕದಲ್ಲಿ ನನ್ನದೊಂದು ಶಾಮಿಯಾನ ಅಂಗಡಿ. ಸಂಜೆ ಬಂದರೆ ಒಂದು ಕೋಣೆಯಲ್ಲಿ ಅವಳು ಮತ್ತು ಟೀವಿ, ಇನ್ನೊಂದರಲ್ಲಿ ನಾನು ಮತ್ತು ಫೋನು. ಊರವರ ಮದುವೆಗೆಲ್ಲ ಕುರ್ಚಿ ಒದಗಿಸುವ ನನ್ನ ಮನೆಯಲ್ಲಿ ಕೂರುವವರು ಇಬ್ಬರೇ, ಅದೂ ಬೇರೆ ಬೇರೆ ಕಡೆ. ಹೀಗಿರುವಾಗ ವಾರಕ್ಕೊಮ್ಮೆ ಹೆಂಡತಿ ಮನಸ್ಸು ಬಿಚ್ಚಿ ಆಡುವ ಮಾತನ್ನು ಒಂದು ಕಬ್ಬಿಣದ ತುಂಡು ನುಂಗಿಹಾಕುವುದೇ? ಜೀಪಿನ ಪೃಷ್ಠಭಾಗದ ಜೀರ್ಣೋದ್ಧಾರಕ್ಕೆ ಸಂಕಲ್ಪ ಮಾಡಿದೆ.

ಯಶವಂತಪುರದ ಮೆಕ್ಯಾನಿಕ್ ಸೋಮನಾಥ ಜೀಪಿನಡಿ ನುಸುಳಿ ಹೊರಬಂದು, ಹಿಂದಿನ ಹಲ್ಲೆಲ್ಲ ಸವೆದಿದೆ ಎಂದ. ನಾನು ಅರಿವಿಲ್ಲದೆ ದವಡೆಯ ಮೇಲೆ ನಾಲಿಗೆ ಆಡಿಸಿಕೊಂಡೆ. ಅವನು ಹೇಳಿದ್ದು ಆಕ್ಸಲ್ಲಿನೊಳಗಿನ ಹಲ್ಲುಚಕ್ರದ ವಿಷಯ. ಮೂರು ದಾರಿ ಇವೆಯಂತೆ. ಕುಲುಕಾಟ ತಡೆಯಲು ಈಗಿರುವ ಕಮಾನುಪಟ್ಟಿಗಳನ್ನೇ ಉಳಿಸಿಕೊಂಡು ಹಲ್ಲುಚಕ್ರ ಮಾತ್ರ ಬದಲಿಸಬಹುದು. ಆದರೆ ಉಳಿದ ಸದ್ದನ್ನು ಪಟ್ಟಿಗಳು ನೇರವಾಗಿ ಜೀಪಿನ ಮೈಗೆ ಏರಿಸುತ್ತವೆ. ಇಲ್ಲವೇ ಹೊಸ ಕಾರುಗಳ ಹಾಗೆ ಎರಡು ಹಿಂಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಕೊಡಬಹುದು. ಆಗ ಒಂದರ ಕುಲುಕಾಟ ಇನ್ನೊಂದಕ್ಕೆ ತಾಗುವುದಿಲ್ಲ, ಆದರೆ ಹಲ್ಲುಚಕ್ರವಿರುವ ಗುಂಡು ಜೀಪಿನ ಚೌಕಟ್ಟಿಗೇ ಬಿಗಿದು ಕೂತು ಸೀಟಿನ ಕೆಳಗೇ ಗೊಣಗುತ್ತದೆ. (ಇಬ್ಬರನ್ನೂ ಬೇರೆ ಬೇರೆ ಬಿಡುವ ವ್ಯವಸ್ಥೆ ಮನೆಯಲ್ಲಿ ಆಗಲೇ ಇತ್ತು. ಜೀಪಿಗೂ ಬೇಡ ಎಂದುಕೊಂಡೆ.) ಮೂರನೆಯದು, ಹಲ್ಲನ್ನು ನಯವಾಗಿ ಓರೆ ಕೊರೆದ ಬೇರೆ ಆಕ್ಸಲ್, ಅದರ ಮೇಲೆ ಸುರುಳಿ ಸ್ಪ್ರಿಂಗು, ಕೂಡುವ ಜಾಗದಲ್ಲೆಲ್ಲ ದಪ್ಪ ರಬ್ಬರ್ ಬುಷ್ಷು. ಹುಟ್ಟುವ ಸದ್ದೇ ಕಡಿಮೆ, ಹುಟ್ಟಿದ್ದೂ ರಬ್ಬರಿನಲ್ಲೇ ಸಾಯುತ್ತದೆ ಎಂದ.

ರಾತ್ರಿ ಊಟಕ್ಕೆ ಕೂತಾಗ ಧನಲಕ್ಷ್ಮಿಗೆ ಮೂರನ್ನೂ ವಿವರಿಸಿ, ಯಾವುದು ಹಾಕಿಸಲಿ ಎಂದೆ. ಈಗಿರುವುದಕ್ಕೆ ಏನಾಗಿದೆ ಎಂದು ಕೇಳಿ ಸಾರು ಬಡಿಸಿದಳು. ಖರ್ಚಿಗೆ ಹೆದರಿದಳೆಂದು ತಿಳಿದು, ನಾನು ಉದಾರ ಹೃದಯದಿಂದ ಮೂರನೆಯದನ್ನೇ ಹಾಕಿಸಿದೆ.

ಮುಂದಿನ ಭಾನುವಾರ ಜೀಪು ಹೊರಟಿತು. ನಾಲ್ಕನೇ ಗೇರಿನಲ್ಲೂ ಬೆಕ್ಕು ನಡೆದಷ್ಟೇ ಸದ್ದು. ನಾನು ಕಿವಿಯನ್ನು ಅವಳತ್ತ ವಾಲಿಸಿ ಕಾದೆ. ವಿದ್ಯಾರಣ್ಯಪುರ ಬಂತು, ಜಾಲಹಳ್ಳಿ ಬಂತು. ಧನಲಕ್ಷ್ಮಿ ಮಡಿಲಲ್ಲಿ ಬ್ಯಾಗು ಇಟ್ಟುಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಅವಳ ಬಳೆಯ ಸದ್ದು ಕೇಳಿಸಿತು, ಮಾತು ಮಾತ್ರ ಬರಲಿಲ್ಲ.

ಸೋಲದೇವನಹಳ್ಳಿಯಲ್ಲಿ ಅತ್ತೆ ಅಕ್ಕಯ್ಯಮ್ಮ ಬೆಚ್ಚಿಬಿದ್ದು ಹೊರಗೆ ಬಂದರು. “ಇದೇನಪ್ಪಾ, ಇಂಗೆ ಕಳ್ಳರಂಗೆ ಬಂದ್ಬುಟ್ರಿ. ತಿರುವಿನಾಗೆ ಜೀಪು ಕೇಳಿಸ್ದಾಗ ಕಾಫಿಗೆ ನೀರಿಡ್ತಿದ್ದೆ,” ಎಂದರು. ಅಂದು ಕಾಫಿ ತಡವಾಯಿತು.

ವಾಪಸು ಬರುವಾಗಲೂ ಅದೇ ಮೌನ. ಮನೆಯ ಮೌನಕ್ಕಾದರೂ ಗೋಡೆ ಅಡ್ಡವಿದೆ. ಇಲ್ಲಿ ನಮ್ಮಿಬ್ಬರ ನಡುವೆ ಒಂದು ಗೇರ್ ಕಡ್ಡಿ ಮಾತ್ರ. ಚಿಕ್ಕಬಾಣಾವರ ದಾಟುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ.

“ಯಾಕೆ ಸುಮ್ನಿದ್ದೀಯ? ಮೊದಲೆಲ್ಲ ದಾರಿಯುದ್ದ ಮಾತಾಡ್ತಿದ್ದೆ.”

“ಆಗ ನಿಮಗೆ ಕೇಳಿಸ್ತಿರಲಿಲ್ಲ ಕಣ್ರೀ. ಅದಕ್ಕೇ ಮಾತಾಡ್ತಿದ್ದೆ.”

“ಈಗ ಕೇಳಿಸುತ್ತಲ್ಲ, ಹೇಳು.”

“ಕೇಳಿಸ್ಕೊಂಡ್ರೆ ನೀವು ಸುಮ್ನಿರಲ್ಲ, ಏನಾದ್ರೂ ಉಪಾಯ ಹೇಳೋಕೆ ಬರ್ತೀರ. ನನಗೆ ಉಪಾಯ ಬೇಡ. ಪಕ್ಕದಲ್ಲಿ ನೀವಿರಬೇಕು, ನಾನು ಹೇಳ್ಕೋಬೇಕು, ಅಷ್ಟೆ.”

ಮಾರನೆಯ ದಿನವೇ ಸೋಮನಾಥನ ಬಳಿ ಓಡಿ, ಹಳೆಯ ಆಕ್ಸಲ್ ತಿರುಗಿ ಹಾಕಲು ಸಾಧ್ಯವೇ ಎಂದೆ. ಅದು ಗುಜರಿಗೆ ಹೋಗಿಯಾಗಿತ್ತು. ಸದ್ದು ಬರಿಸಿಕೊಡಿ ಎಂದು ಕೇಳಿದ ಮೊದಲ ಗಿರಾಕಿ ನಾನೇ ಇರಬೇಕು. ಅವನು ನನಗೆ ಟೀ ತರಿಸಿಕೊಟ್ಟು, ಮನೆಯಲ್ಲಿ ಎಲ್ಲ ಕ್ಷೇಮವೇ ಎಂದು ಮೆಲ್ಲಗೆ ವಿಚಾರಿಸಿದ.

ಅದರ ಮುಂದಿನ ಭಾನುವಾರ ಹೊರಡುವ ಮುಂಚೆ ಮೆಡಿಕಲ್ ಸ್ಟೋರಿನಲ್ಲಿ ಹತ್ತಿ ಕೊಂಡೆ. ಅವಳೆದುರಿಗೇ ಎರಡು ಉಂಡೆ ಮಾಡಿ ಕಿವಿಗಿಟ್ಟುಕೊಂಡೆ. ಬಲಗಿವಿಗೆ ಗಟ್ಟಿಯಾಗಿ, ಅವಳು ಕೂರುವ ಕಡೆಯ ಎಡಗಿವಿಗೆ, ಸತ್ಯ ಹೇಳಬೇಕೆಂದರೆ, ಸ್ವಲ್ಪ ಸಡಿಲವಾಗಿ. ಧನಲಕ್ಷ್ಮಿ ಬಹಳ ದಿನಗಳ ನಂತರ ನಕ್ಕಳು. ಕೊಡಿಗೇಹಳ್ಳಿ ಕಳೆಯಿತು. ರಸ್ತೆಯ ಮೇಲೇ ಕಣ್ಣಿಟ್ಟಿದ್ದ ನನಗೆ ದೂರದಿಂದ ಬಂದ ಹಾಗೆ ಅವಳ ದನಿ ಕೇಳಿಸಿತು.

“ಮಧ್ಯಾಹ್ನ ಹೊತ್ತೇ ಹೋಗಲ್ಲ ಆ ಮನೇಲಿ. ತೊಳೆಯೋಕೆ ಇರೋದೇ ಎರಡು ಲೋಟ. ತೊಳೆದಿದ್ದನ್ನೇ ಇನ್ನೊಂದು ಸಲ ತೊಳೀತೀನಿ. ಅವು ಒಣಗೋದನ್ನ ನೋಡ್ಕೊಂಡು ಕೂತಿರ್ತೀನಿ…”

ನಾನು ಸುಮ್ಮನಿರಬೇಕಿತ್ತು. “ಹಾಗಿದ್ರೆ ಮಧ್ಯಾಹ್ನ ಅಂಗಡಿಗೇ ಬಾರೆ,” ಎಂದುಬಿಟ್ಟೆ.

ಅವಳು ಮಾತು ನಿಲ್ಲಿಸಿ ನನ್ನನ್ನೇ ನೋಡಿದಳು. ಆಮೇಲೆ ನನ್ನ ಕಡೆಗೆ ಬಾಗಿ, ಎಡಗಿವಿಯ ಹತ್ತಿಯನ್ನು ತೋರುಬೆರಳಿನಿಂದ ಒಳಕ್ಕೆ ಒತ್ತಿದಳು. ಸಾಲದೆಂದು ಇನ್ನೊಮ್ಮೆ ಒತ್ತಿದಳು. ಕೂತಿತೆಂದು ಖಾತ್ರಿಯಾದ ಮೇಲೆ ರಸ್ತೆಯ ಕಡೆ ತಿರುಗಿ ಮಾತಾಡತೊಡಗಿದಳು.